ಸೋಮವಾರದ ಹಾಲು ಸೇರದ ತುಪ್ಪ

ಪಣಕಹಳ್ಳಿಯ ದೊಡ್ಡಮಾದಮ್ಮನ ತುಪ್ಪ ತಿಂದವರು ಈಗ ಹೆಚ್ಚು ಮಂದಿ ಉಳಿದಿಲ್ಲ. ಉಳಿದವರ ಎದುರಿಗೆ ಬೇರೆ ಯಾರ ತುಪ್ಪವನ್ನೂ ಹೊಗಳಲು ಹೋಗಬೇಡಿ, ಸುಮ್ಮನೆ ಮಾತು ಕೇಳಬೇಕಾದೀತು. ಹೆಂಗಸು ಎತ್ತರದ ಆಳು. ಹಣೆ ತುಂಬ ವಿಭೂತಿ, ಬಾಯಲ್ಲಿ ಮಾತು ಕಡಿಮೆ, ಬಿಗುಮಾನ ಮಾತ್ರ ಬೇಕಾದಷ್ಟು. ತಲೆಯ ಮೇಲೆ ಕುಕ್ಕೆ ಹೊತ್ತು ತಾಳವಾಡಿ ಸಂತೆಗೆ ಹೊರಟರೆ ಎದುರು ಬಂದವರೇ ದಾರಿ ಬಿಡಬೇಕಿತ್ತು. ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷವಾಗಿರಲಿಲ್ಲ. ತಾಳವಾಡಿ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಮೊದಮೊದಲು ಅವಳೂ ಎಲ್ಲರಂತೆ ಚಿಕ್ಕಸಿದ್ದನ ಡಬ್ಬಕ್ಕೇ ತುಪ್ಪ ಸುರಿಯುತ್ತಿದ್ದಳು. ಚಿಕ್ಕಸಿದ್ದ ಸಂತೆಯ ದಲ್ಲಾಳಿ. ಹುಣಸೆಮರದ ಬುಡದಲ್ಲಿ ದೊಡ್ಡ ತಗಡಿನ ಡಬ್ಬ ಇಟ್ಟುಕೊಂಡು ಕೂರುತ್ತಿದ್ದ. ಹತ್ತೂರ ಹೆಂಗಸರ ತುಪ್ಪ ಅದರೊಳಗೆ ಬೀಳುತ್ತಿತ್ತು, ಸಂಜೆಗೆ ಘಾಟಿ ಇಳಿದು ಸತ್ಯಮಂಗಲದ ಸಾವುಕಾರರಿಗೆ ಹೋಗುತ್ತಿತ್ತು. ವನಸ್ಪತಿ ಹೊಸದಾಗಿ ಹಳ್ಳಿಗಳಿಗೆ ಕಾಲಿಟ್ಟಿದ್ದ ಕಾಲ. ಯಾರು ಎಷ್ಟು ಬೆರೆಸಿದರು, ಯಾರು ಬೆರೆಸಲಿಲ್ಲ ಎಂದು ಡಬ್ಬಕ್ಕೆ ಗೊತ್ತಾಗುವುದುಂಟೆ? ಒಳ್ಳೆಯದೂ ಕೆಟ್ಟದ್ದೂ ಒಂದೇ ಬೆಲೆಗೆ ಹೋಗುತ್ತಿದ್ದವು.

ಒಮ್ಮೆ ತಾಳವಾಡಿಯ ನೆಂಟರ ಮನೆಯ ಮದುವೆಯಲ್ಲಿ ಅದೇ ಡಬ್ಬದ ತುಪ್ಪ ಬಡಿಸಿದರು. ಕೆಳಗಿನ ಸೀಮೆಯಿಂದ ಬಂದ ಬೀಗರೊಬ್ಬರು ಮೂಸಿ ನೋಡಿ, ಮುಖ ಹಿಂಡಿ, "ತಾಳವಾಡಿ ತುಪ್ಪ ಅಂದ್ರೆ ಇಷ್ಟೇನಾ?" ಅಂದರು. ಪಂಕ್ತಿಯಲ್ಲಿ ಕೂತಿದ್ದ ದೊಡ್ಡಮಾದಮ್ಮ ಎತ್ತಿದ ತುತ್ತನ್ನು ಎಲೆಗೇ ಇಳಿಸಿದಳು. ಆ ತುಪ್ಪದಲ್ಲಿ ಅವಳದ್ದೂ ಇತ್ತು, ಆದರೆ ಇದು ನನ್ನದು ಎಂದು ಬೊಟ್ಟು ಮಾಡಿ ತೋರಿಸುವುದಕ್ಕೆ ಏನೂ ಇರಲಿಲ್ಲ. ಅವಮಾನ ಅಂದರೆ ಅದು.

ಅವತ್ತಿನಿಂದ ಡಬ್ಬಕ್ಕೆ ಸುರಿಯುವುದನ್ನು ಬಿಟ್ಟಳು. ಕುಂಬಾರಗೇರಿಯಿಂದ ಒಂದು ಮನೆಗೆ ಒಂದು ವಾರಕ್ಕೆ ಸಾಕಾಗುವಂಥ ಸಣ್ಣ ಕುಡಿಕೆಗಳನ್ನು ತರಿಸಿದಳು. ವೀಳ್ಯದೆಲೆ ಹಾಕಿ ಕಾಯಿಸಿ ಇಳಿಸಿದ ತುಪ್ಪವನ್ನು ಅವಕ್ಕೆ ತುಂಬಿ, ಬಾಯಿಗೆ ಎಲೆ ಕಟ್ಟಿ, ಕುಡಿಕೆಯ ಹೊಟ್ಟೆಯ ಮೇಲೆ ಸುಣ್ಣದಲ್ಲಿ ಮೂರು ಬೆರಳು ಅದ್ದಿ ಮೂರು ಪಟ್ಟೆ ಎಳೆದಳು, ಹಣೆಗೆ ವಿಭೂತಿ ಇಟ್ಟುಕೊಳ್ಳುವ ಹಾಗೆ. ಚಿಕ್ಕಸಿದ್ದ ಹೊಟ್ಟೆ ಹಿಡಿದುಕೊಂಡು ನಕ್ಕ. "ಕುಡಿಕೆಗೂ ನಾಮಕರಣ ಮಾಡ್ಬುಟ್ಯಾ ಮಾದಮ್ಮ?" ಅಂದ. ಮೊದಲ ಕೆಲವು ಸಂತೆಗಳಲ್ಲಿ ಹೊತ್ತು ತಂದದ್ದನ್ನೇ ಹೊತ್ತುಕೊಂಡು ಹೋದಳು. ಅವಳು ಕೂಗಿ ಕರೆಯುವವಳಲ್ಲ. ಹತ್ತಿರ ಬಂದವರ ಮುಂಗೈ ಹಿಡಿದು ಒಂದು ಹನಿ ತುಪ್ಪ ಸವರುವಳು, ಅಷ್ಟೇ. ಅವರು ಸಂತೆಯೆಲ್ಲ ಸುತ್ತುವಾಗ ಕೈ ಘಮಘಮ ಎನ್ನುತ್ತಿತ್ತು. ತಿರುಗಿ ಬರುವಾಗ ಅವಳು ಕೂತಲ್ಲೇ ಕೂತಿರುತ್ತಿದ್ದಳು, ಪ್ರತಿ ವಾರವೂ ಅದೇ ಜಾಗದಲ್ಲಿ. ಈಗ ಪಟ್ಟಣದಲ್ಲಿ ಇಂಥದ್ದನ್ನು ಕಲಿಸುವುದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರಂತೆ. ತೆಗೆದುಕೊಳ್ಳಲಿ ಬಿಡಿ.

ಹೆಸರು ನಿಂತದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಆ ಮನೆಯಲ್ಲಿ ಸೋಮವಾರದ ಹಾಲು ಮಾರುವಂತಿರಲಿಲ್ಲ. ಸೋಮವಾರ ಮಾದಪ್ಪನ ದಿನ. ಅವತ್ತು ಕರು ಕುಡಿದಷ್ಟು ಕುಡಿಯಬೇಕು, ಉಳಿದದ್ದು ದೇವರಿಗೆ, ಆಮೇಲೆ ಮನೆ ಬಾಗಿಲಿಗೆ ಬಂದವರಿಗೆ. ಕಡೆದು ಬೆಣ್ಣೆ ಮಾಡಿ ಕಾಸು ಮಾಡಿಕೊಳ್ಳುವುದು ತಪ್ಪು. ಯಾರೋ ಒಮ್ಮೆ, "ಯಾಕವ್ವ, ಇಷ್ಟೇ ತಂದಿದ್ದೀ?" ಎಂದು ಕೇಳಿದಾಗ ದೊಡ್ಡಮಾದಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಸ್ವಾಮಾರದ ಆಲು ಇದ್ಕೆ ಸೇರಿಲ್ಲ ಕಣವ್ವ, ಅದ್ಕೇ ಕಮ್ಮಿ." ಮಾತು ಊರಿಂದೂರಿಗೆ ನಡೆದುಹೋಯಿತು. ದೇವರ ದೀಪಕ್ಕೆ, ಬಾಣಂತಿಗೆ, ಕೂಸಿನ ಬಾಯಿಗೆ ಮೂರು ಪಟ್ಟೆಯ ತುಪ್ಪವೇ ಆಗಬೇಕು ಎನ್ನುವ ಹಾಗಾಯಿತು. ಗುಮಟಾಪುರದಿಂದ ಗಾಡಿ ಕಟ್ಟಿಕೊಂಡು ಬರುವವರಿದ್ದರು. ಹಾಸನೂರಿನ ಕಡೆಯಿಂದ ಬರುವ ಬಸ್ಸಿನ ಡ್ರೈವರು ಸಹ ಒಂದು ಕುಡಿಕೆ ಮೊದಲೇ ಹೇಳಿಡುತ್ತಿದ್ದ. ಚಿಕ್ಕಸಿದ್ದ ನಗುವುದನ್ನು ನಿಲ್ಲಿಸಿದ.

ಹೀಗಿರುವಾಗ ಒಂದು ಶ್ರಾವಣ ಬಂತು. ಮಗ ಮಹಾದೇವನ ಮದುವೆ ಆ ವರ್ಷವೇ ಆಗಿತ್ತು. ಸೊಸೆ ವಸಂತಮ್ಮ ಘಾಟಿಯ ಕೆಳಗಿನವಳು, ಕನ್ನಡವನ್ನೂ ತಮಿಳನ್ನೂ ಒಂದೇ ಉಸಿರಿನಲ್ಲಿ ಆಡುವ ಚುರುಕು ಹುಡುಗಿ. ಮದುವೆಯಾದ ಹೊಸದರಲ್ಲೇ ಆಷಾಢಕ್ಕೆ ತವರಿಗೆ ಹೋದವಳು ಶ್ರಾವಣ ಅರ್ಧ ಕಳೆದ ಮೇಲೆ ಈಗಷ್ಟೇ ಬಂದಿದ್ದಳು. ಗಂಡಸರಿಬ್ಬರೂ, ಅಂದರೆ ಮಹಾದೇವನೂ ಅವನಪ್ಪ ಲಿಂಗಯ್ಯನೂ, ಎತ್ತು ನೋಡಿಕೊಂಡು ಬರಲು ಚಾಮರಾಜನಗರದ ಕಡೆ ಹೋಗಿದ್ದರು. ಅದೇ ಸಮಯಕ್ಕೆ ದೊಡ್ಡಮಾದಮ್ಮನಿಗೆ ಜ್ವರ ಹಿಡಿಯಿತು. ಭಾನುವಾರ ಮಲಗಿದವಳು ಎದ್ದದ್ದು ಸಂತೆಯ ಹಿಂದಿನ ದಿನ. ಎದ್ದವಳೇ ಗಡಿಗೆಯಲ್ಲಿದ್ದ ಬೆಣ್ಣೆ ಕಾಯಿಸಿ, ಕುಡಿಕೆ ತುಂಬಿ, ಪಟ್ಟೆ ಎಳೆದಳು. ಬೆಣ್ಣೆ ಎಂದಿಗಿಂತ ಹೆಚ್ಚು ಕಂಡಿತು. ಹಸುಗಳು ಚೆನ್ನಾಗಿ ಕರೆದಿವೆ ಅಂದುಕೊಂಡಳು.

ಬರುವ ಸೋಮವಾರ ಶ್ರಾವಣದ ಕೊನೆಯ ಸೋಮವಾರ. ಮನೆಮನೆಯಲ್ಲೂ ಮಾದಪ್ಪನಿಗೆ ತುಪ್ಪದ ದೀಪ. ಸಂತೆಯಲ್ಲಿ ಕುಕ್ಕೆ ಇಳಿಸುವ ಹೊತ್ತಿಗೇ ಜನ ಮುತ್ತಿಕೊಂಡರು, ಮಧ್ಯಾಹ್ನದೊಳಗೆ ಹೆಚ್ಚುಕಮ್ಮಿ ಎಲ್ಲ ಖಾಲಿ. ಅತ್ತೆ ಇನ್ನೂ ಸುಸ್ತಾಗಿದ್ದಾಳೆಂದು ವಸಂತಮ್ಮ ರೊಟ್ಟಿ ಕಟ್ಟಿಕೊಂಡು ಸಂತೆಗೇ ಬಂದಳು. ಖಾಲಿಯಾದ ಕುಕ್ಕೆ ನೋಡಿ ಅವಳ ಮುಖ ಅರಳಿತು.

"ಅತ್ತೆ, ಈ ಸಲ ಬೆಣ್ಣೆ ಜಾಸ್ತಿ ಇತ್ತಲ್ಲ, ಯಾಕೆ ಅಂತ ಕೇಳ್ನೇ ಇಲ್ಲ ನೀವು. ನಾನೇ ಕಣತ್ತೆ. ಸ್ವಾಮಾರ ಕರುಗಳ್ನ ಕಟ್ಟಾಕಿ ಎರಡೊತ್ತೂ ಕರ್ದೆ. ಒಂದು ತೊಟ್ಟೂ ದಂಡ ಮಾಡ್ನಿಲ್ಲ. ಎಪ್ಪಾಕಿ, ಕಡ್ದು, ಬೆಣ್ಣೆನ ನಿಮ್ಮ ಗಡಿಗೆಗೇ ಸೇರಿಸ್ಬುಟ್ಟೆ."

ಬೆನ್ನು ತಟ್ಟುತ್ತಾರೆಂದು ಕಾದಿದ್ದಳು ಪಾಪ. ದೊಡ್ಡಮಾದಮ್ಮ ಬಿಚ್ಚುತ್ತಿದ್ದ ರೊಟ್ಟಿಯ ಗಂಟನ್ನು ಕೆಳಗಿಟ್ಟಳು. ಹುಡುಗಿಯನ್ನು ಬೈಯುವ ಹಾಗೂ ಇರಲಿಲ್ಲ. ಏಕೆಂದರೆ ಸೋಮವಾರದ ಹಾಲಿನ ವಿಷಯವನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಹುಟ್ಟಿನಿಂದ ನೋಡಿಕೊಂಡೇ ಬೆಳೆದವರು ಅವರು. ನೋಡದೇ ಇದ್ದವಳೊಬ್ಬಳು ಮನೆಗೆ ಬಂದಿದ್ದಾಳೆ ಎನ್ನುವುದೇ ಅವರಿಗೆ ಹೊಳೆದಿರಲಿಲ್ಲ. ಸಂತೆಗೆಲ್ಲ ಹೇಳಿದ ಮಾತನ್ನು ಸೊಸೆಗೆ ಹೇಳಲು ಮರೆತಿದ್ದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತುಪ್ಪಕ್ಕೆ ವಾರದ ವಾಸನೆ ಇರುವುದಿಲ್ಲ. ಹರಳುಗಟ್ಟಿದ, ಹೊನ್ನಿನ ಬಣ್ಣದ ಒಳ್ಳೆಯ ತುಪ್ಪವೇ ಅದು. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಬಾಯಿ ಬಿಟ್ಟರೆ ಇಷ್ಟು ವರ್ಷ ಕಟ್ಟಿದ ಹೆಸರು ಇದೇ ಸಂತೆಯಲ್ಲಿ ಮಣ್ಣುಪಾಲಾಗಬಹುದು. ಬಿಡದಿದ್ದರೆ ಬರುವ ಸೋಮವಾರ ಊರೂರ ದೀಪದಲ್ಲಿ ಅವಳ ಸುಳ್ಳು ಉರಿಯುತ್ತದೆ. ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ಮೂರು ಪಟ್ಟೆ ಕುಡಿಕೆ ತಕ್ಕೊಂಡೋರು ನಿಂತ್ಕೊಳ್ರವ್ವ!" ಎಂದು ಕೂಗಿದಳು. ಜೀವಮಾನದಲ್ಲಿ ಸಂತೆಯಲ್ಲಿ ಕೂಗಿದವಳಲ್ಲ. ಮೇಲಾಗಿ ಜ್ವರದಲ್ಲಿ ಒಣಗಿದ ಗಂಟಲು. ಪಕ್ಕದ ಈರುಳ್ಳಿ ಮಾರುವವಳಿಗೂ ಸರಿಯಾಗಿ ಕೇಳಲಿಲ್ಲ.

ಸೊಸೆಯ ಕೈ ಹಿಡಿದು, ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ವಸಂತಮ್ಮನ ಮುಖ ಬಿಳಿಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಆದರೆ ಅಳುತ್ತ ಕೂರಲಿಲ್ಲ ನೋಡಿ, ಅಲ್ಲೇ ಅವಳ ಗುಣ ಗೊತ್ತಾದದ್ದು. ಹುಣಸೆಮರದ ಕೆಳಗಿನ ಕಲ್ಲು ಹತ್ತಿ, ಸಂತೆಯ ಆ ತುದಿಗೆ ಕೇಳುವ ಹಾಗೆ ಕೂಗಿದಳು: "ಮೂರು ಪಟ್ಟೆ ತುಪ್ಪ ತಕ್ಕೊಂಡೋರು ಎಲ್ಲಾ ವಾಪಸು ಬನ್ನಿ! ಸ್ವಾಮಾರದ ಆಲು ಸೇರ್ಬುಟ್ಟದೆ! ತಪ್ಪು ನಂದು, ನಮ್ಮತ್ತೆದಲ್ಲ!" ಉಪ್ಪು, ಮೆಣಸಿನಕಾಯಿ ತಂದ ಕೆಳಗಿನ ವ್ಯಾಪಾರಿಗಳಿಗೆಂದು ಅದನ್ನೇ ತಮಿಳಿನಲ್ಲೂ ಕೂಗಿದಳು: "ಮೂಣು ಕೋಡು ನೆಯ್ ವಾಂಗಿನವಂಗ ನಿಲ್ಲುಂಗ!"

"ತಪ್ಪು ಅವಳ್ದಲ್ಲ," ಅಂದಳು ದೊಡ್ಡಮಾದಮ್ಮ, ಸುತ್ತ ಸೇರಿದವರಿಗೆ. "ಪಟ್ಟೆ ಎಳ್ದಿರೋ ಬೆರಳು ನಂದು. ಏನಿದ್ರೂ ನನ್ನ ಕೇಳಿ."

ವಸಂತಮ್ಮ ಕಲ್ಲಿನಿಂದ ಇಳಿದವಳೇ ಗುಮಟಾಪುರದ ದಾರಿ ಹಿಡಿದು ಓಡಿದಳು, ಗಾಡಿಗಳು ಆಗಲೇ ಹೊರಟಿದ್ದವು. ಇತ್ತ ಕುಡಿಕೆಗಳು ಒಂದೊಂದಾಗಿ ಹಿಂದಕ್ಕೆ ಬಂದವು, ಎಲ್ಲ ಬಂದಮೇಲೆ ದುಡ್ಡು ಎಣಿಸಿ ಕೊಡುತ್ತೇನೆ ಎಂದಳು ದೊಡ್ಡಮಾದಮ್ಮ. ಬಸ್ಸಿನ ಡ್ರೈವರು ಒಯ್ದದ್ದು ಮಾತ್ರ ಘಾಟಿ ಇಳಿದುಹೋಗಿತ್ತು. ಆ ಒಂದು ಕುಡಿಕೆಯ ಸಂಕಟ ಅವಳಿಗೆ ಕೊನೆತನಕ ಹೋಗಲಿಲ್ಲ.

ಇಂಥ ಗಳಿಗೆಗೇ ಕಾದಿದ್ದವನಂತೆ ಚಿಕ್ಕಸಿದ್ದ ಡಬ್ಬ ತಟ್ಟುತ್ತ ಬಂದ. "ಯಾಕೆ ಒದ್ದಾಡ್ತೀಯ ಮಾದಮ್ಮ? ಎಲ್ಲಾನೂ ಇದಕ್ಕೆ ಉಯ್ದುಬುಡು. ನಂಗೆ ಸ್ವಾಮಾರನೂ ಒಂದೇ, ಮಂಗ್ಳಾರನೂ ಒಂದೇ."

"ಮಾರೋ ಅಂಗಿದ್ರೆ ನಾನೇ ಮಾರ್ತಿರ್ನಿಲ್ವಾ? ಇದು ಮಾರೋ ಆಲಲ್ಲ ಕಣಪ್ಪ, ಕೊಡೋ ಆಲು," ಅಂದಳು. ಹಾಗೆ ಅಂದಮೇಲೆ ಅವಳಿಗೇ ದಾರಿ ಕಂಡಿತು. ಕುಡಿಕೆಯ ಬಾಯಿಗೆ ಕಟ್ಟಿದ ಎಲೆ ಬಿಚ್ಚಿದಳು. "ಯಾರಿಗೆ ಬೇಕು ಬನ್ರಪ್ಪ. ಮಾದಪ್ಪನ ಪಾಲು. ಕಾಸು ಬ್ಯಾಡ, ಒಂದು ಎಲೆ ತನ್ನಿ ಸಾಕು."

ಅವತ್ತು ತಾಳವಾಡಿ ಸಂತೆಯಲ್ಲಿ ತುಪ್ಪ ತಿನ್ನದವರಿರಲಿಲ್ಲ. ಕಾಡಿನಿಂದ ಜೇನು, ಪೊರಕೆ ಇಳಿಸಿಕೊಂಡು ಬಂದಿದ್ದ ಸೋಲಿಗರು ಮುತ್ತುಗದ ಎಲೆ ಒಡ್ಡಿದರು. ಗುಡಿಸಲ ಹೋಟೆಲಿನಲ್ಲಿ ಮುದ್ದೆ ಮುರಿಯುತ್ತಿದ್ದವರು ತಟ್ಟೆ ಸಮೇತ ಎದ್ದು ಬಂದರು. ಮೂರು ಪಟ್ಟೆಯ ಹೆಸರು ಮಾತ್ರ ಕೇಳಿದ್ದವರಿಗೆಲ್ಲ ಅದರ ರುಚಿ ಗೊತ್ತಾಯಿತು. ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದಳು ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಪ್ರತಿ ಎಲೆಗೆ ಬಡಿಸುವಾಗಲೂ ಅವಳು ತಪ್ಪಾಯಿತು ಮಾದಪ್ಪ ಎನ್ನುತ್ತಿದ್ದುದನ್ನು ಕೇಳಿದವರಿದ್ದಾರೆ. ಕೊನೆಗೆ ಚಿಕ್ಕಸಿದ್ದನೂ ಅತ್ತಿತ್ತ ನೋಡಿ ಎಲೆ ಚಾಚಿದ. ಅವನಿಗೂ ಕೈ ಬಿಗಿ ಹಿಡಿಯದೆ ಬಡಿಸಿದಳು.

ಅಷ್ಟರಲ್ಲಿ ಗುಮಟಾಪುರದ ಗಾಡಿ ತಿರುಗಿ ಬಂತು. ಅದರಲ್ಲಿ ನಂಜುಂಡಮ್ಮ, ದೊಡ್ಡ ಮನೆತನದ ಯಜಮಾನಿ, ದೀಪಕ್ಕೆಂದು ಎಲ್ಲರಿಗಿಂತ ಹೆಚ್ಚು ಕುಡಿಕೆ ಕೊಂಡವಳು. ಅವಳ ಹಿಂದೆ ಏದುಸಿರು ಬಿಡುತ್ತ ವಸಂತಮ್ಮ.

"ಏನವ್ವ ಮಾದಮ್ಮ, ನಿನ್ನ ಸೊಸೆ ಎತ್ತಿನ ಮೂಗುದಾರ ಇಡ್ಕೊಂಡು ದಾರಿಗಡ್ಡ ನಿಂತ್ಬುಟ್ಳಲ್ಲ!" ಅನ್ನುತ್ತ ನಂಜುಂಡಮ್ಮ ಕುಡಿಕೆಗಳನ್ನು ಇಳಿಸಿದಳು. ದೊಡ್ಡಮಾದಮ್ಮ ತಲೆ ತಗ್ಗಿಸಿ ಸೊಂಟದ ಸಂಚಿ ಬಿಚ್ಚಿ ದುಡ್ಡು ಎತ್ತಿ ಮುಂದೆ ಹಿಡಿದಳು. ಸುತ್ತ ನಿಂತವರು, ಕುಡಿಕೆ ಹಿಂದಕ್ಕೆ ಕೊಟ್ಟವರೆಲ್ಲ, ನೋಡುತ್ತ ನಿಂತರು. ನಂಜುಂಡಮ್ಮ ದುಡ್ಡನ್ನು ಮುಟ್ಟಲಿಲ್ಲ.

"ಈಗ್ಲೇ ಯಾಕೆ ಕೊಡ್ತೀಯ? ದೀಪಕ್ಕೆ ತುಪ್ಪ ಬೇಕಲ್ಲ ನಂಗೆ. ಸ್ವಾಮಾರದ ಒಳಗೆ ಕಾಸಿ ಇಡು, ಆಳು ಕಳಿಸ್ತೀನಿ. ಇಷ್ಟೂ ಆಗದಿದ್ರೆ ಎಷ್ಟಾಯ್ತದೋ ಅಷ್ಟು. ಒಂದು ದೀಪಕ್ಕಾದ್ರೆ ಒಂದೇ ದೀಪ ಅಚ್ತೀನಿ, ನಿನ್ನ ತುಪ್ಪದಲ್ಲೇ ಅಚ್ತೀನಿ."

"ನಂದೂ ಇರ್ಲಿ ಕಣಕ್ಕ," ಅಂದಳು ಹಿಂದಿನಿಂದ ಒಬ್ಬಳು. "ನಂಗೆ ಮುಂದಿನ ಸಂತೆಗೆ ಕೊಡು, ಅವಸರ ಇಲ್ಲ," ಅಂದಳು ಮತ್ತೊಬ್ಬಳು. ಸಂಚಿಯಲ್ಲಿ ಇದ್ದದ್ದು ಸಂಚಿಯಲ್ಲೇ ಉಳಿಯಿತು. ಅದುವರೆಗೆ ಎಲೆ ಒಡ್ಡಿ ತಿಂದವರಲ್ಲೂ ಕೆಲವರು ತಮಗೊಂದು ಕುಡಿಕೆ ಇರಲಿ ಎಂದು ಹೇಳಿಟ್ಟರು. ದೊಡ್ಡಮಾದಮ್ಮ ಗಾಡಿಯಿಂದ ಇಳಿದ ಕುಡಿಕೆಗಳ ಎಲೆಯನ್ನೂ ಬಿಚ್ಚುತ್ತ ಸೊಸೆಯ ಮುಖ ನೋಡಿದಳು. ಸೊಸೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಅತ್ತೆ ಸೊಸೆ ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಲಿಂಗಯ್ಯನೂ ಮಗನೂ ಆಗಷ್ಟೇ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಖಾಲಿ ಕುಕ್ಕೆ ನೋಡಿ ಲಿಂಗಯ್ಯ, "ಎಲ್ಲಾ ಮಾರ್ಬುಟ್ಯಾ?" ಎಂದು ಕೇಳಿದ.

"ಇಲ್ಲ. ಎಲ್ಲಾನೂ ಸುಮ್ನೆ ಕೊಟ್ಬುಟ್ಟು ಬಂದೆ."

ಲಿಂಗಯ್ಯ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ. ಜ್ವರದಲ್ಲಿ ಇಳಿದುಹೋದ ಮುಖ, ಆದರೆ ಕುತ್ತಿಗೆ ಎಂದಿಗಿಂತ ಒಂದು ಬೆರಳು ಮೇಲೆಯೇ ಇತ್ತು. "ಸುಮ್ನೆ ಕೊಟ್ಬುಟ್ಟು ಬಂದೋಳು ಇಂಗೆ ಬೀಗ್ತಾ ಇದ್ದೀಯಲ್ಲ, ಏನು ಸಮಾಚಾರ?"

ದೊಡ್ಡಮಾದಮ್ಮ ಕುಕ್ಕೆ ಇಳಿಸಿ, ಒಳಗೆ ಹೋಗುತ್ತಿದ್ದ ವಸಂತಮ್ಮನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡಳು.

"ಇನ್ನೂ ಕರೀದೇ ಇರೋ ಆಲಿನ ತುಪ್ಪ ಮಾರ್ಬುಟ್ಟು ಬಂದಿದ್ದೀವಿ ಕಣ, ನಾನೂ ನನ್ನ ಸೊಸೆನೂ," ಅಂದಳು.