ವಾರಸುದಾರರಿಲ್ಲದವರ ಕಾಕಾ

ಮೊನ್ನೆ ಬೆಂಗೇರಿಯ ನನ್ನ ಅಂಗಡಿಯಲ್ಲಿ ಬಿಳಿ ಬಟ್ಟೆಯ ಹೊಸ ಗಂಟು ಬಿಚ್ಚುತ್ತಿದ್ದೆ. ಗಂಜಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಕಾಕಾ ನೆನಪಾದರು...

ಮೊದಲ ಸಲ ಅವರು ಬಂದದ್ದು ಹೆಣಕ್ಕೆ ಹೊದಿಸುವ ಬಟ್ಟೆ ಕೇಳಿಕೊಂಡು.

"ಯಾರು ಹೋದ್ರರೀ?" ಎಂದೆ.

"ಗೊತ್ತಿಲ್ರಿ, ಸಾವ್ಕಾರ್ರ."

ನನಗೆ ಸಿಟ್ಟು ಬಂತು. ಇನ್ನೂ ಬೋಣಿಯಾಗಿರಲಿಲ್ಲ, ಮುಂಜಾನೆ ಮುಂಜಾನೆ ಇದೆಂಥ ಚೇಷ್ಟೆ! ಬೈಯಲೆಂದೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ ಹೇಳಿದರು. ದೊಡ್ಡ ದವಾಖಾನೆಯಲ್ಲಿ ಯಾರೂ ಕೇಳಿಕೊಂಡು ಬಾರದ ಹೆಣಗಳನ್ನು ಮಣ್ಣು ಮಾಡುವ ನಾಲ್ಕೈದು ಜನರಿದ್ದರು. ಪುಕ್ಕಟೆ ಸೇವೆ. ಇವರನ್ನು ಜೈಲಿನಿಂದ ಬಿಡುವಾಗ ಅಲ್ಲಿನ ಸಾಹೇಬರೊಬ್ಬರು, "ಸುಮ್ನ ಕುಂದರಬ್ಯಾಡ, ನಾಕು ಮಂದಿಗೆ ಬೇಕಾಗು" ಎಂದಿದ್ದರಂತೆ. ಇವರು ಹುಡುಕಿಕೊಂಡು ಹೋಗಿ ಆ ನಾಲ್ಕೈದು ಜನರ ಜೊತೆ ಸೇರಿದ್ದರು.

"ಬದುವಿನ ಜಗಳದಾಗ ಕುಡಗೋಲು ಬೀಸಿದ್ನಿರಿ. ಬಾಜೂ ಹೊಲದಂವ ಅಲ್ಲೇ ಬಿದ್ದ. ಜೀವಂತ ಇದ್ದವ್ರು ನನ್ನ ಕಂಡ್ರ ಹಿಂದ ಸರೀತಾರ. ಸತ್ತವ್ರು ಏನೂ ಅನ್ನಂಗಿಲ್ರಿ."

ಬಟ್ಟೆ ಹರಿದುಕೊಟ್ಟೆ. ಹೆದರಿಕೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಾನೇ ಒಮ್ಮೊಮ್ಮೆ ಅವರ ಜೊತೆ ಸ್ಮಶಾನಕ್ಕೆ ಹೋಗತೊಡಗಿದೆ. ಜಾತಿ ಗೊತ್ತಿಲ್ಲದ ಹೆಣಕ್ಕೆ ಯಾವ ವಿಧಿ? ಕಾಕಾ ಕುಣಿಯೊಳಗೆ ಇಳಿದು, ಹೆಣದ ಮುಖ ಒರೆಸಿ, "ಆರಾಮ ಮಲಗ್ರಿ" ಎಂದು ಹೇಳಿ ಮೇಲೆ ಬರುತ್ತಿದ್ದರು. ಉಳಿದವರು ಮೂಗು ಮುಚ್ಚಿಕೊಂಡು ದೂರ ನಿಂತಿರುತ್ತಿದ್ದರು.

ಅವರಿಗೆ ಬೇಕಾದದ್ದು ಒಂದೇ. ಅವರ ಊರು ಮುಗದದಲ್ಲಿ ತಾಯಿ ಇದ್ದರು. ಬಿಡುಗಡೆಯಾಗಿ ಬಂದ ಮೇಲೆ ಎರಡು ಸಲ ಹೋದರೂ ಒಡಹುಟ್ಟಿದ ತಮ್ಮನೇ ಇವರಿಗೆ ಹೊಸ್ತಿಲು ತುಳಿಯಗೊಟ್ಟಿರಲಿಲ್ಲ. "ನಾ ಛಲೋ ಆಗೇನಿ ಅಂತ ಊರಿಗೆ ಗೊತ್ತಾಗ್ಲಿ ಸಾವ್ಕಾರ್ರ. ನಮ್ಮವ್ವ ಹೋದಾಗ ಒಂದು ಹಿಡಿ ಮಣ್ಣು ಕೊಡಾಕ ಬಿಟ್ರ ಸಾಕು" ಎನ್ನುತ್ತಿದ್ದರು. ಬಿಡುತ್ತಾರೆ, ಬಿಡದೆ ಏನು ಎಂದು ನಾನೂ ಧೈರ್ಯ ಹೇಳುತ್ತಿದ್ದೆ.

ಒಂದು ಚಳಿಗಾಲದಲ್ಲಿ ಆ ಸುದ್ದಿ ಬಂದೇಬಿಟ್ಟಿತು. ಅಂಗಡಿ ಮುಚ್ಚಿ, ಕಾಕಾನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮುಗದಕ್ಕೆ ಹೋದೆ. ಸ್ಮಶಾನದ ಬೇಲಿಯ ಹತ್ತಿರವೇ ತಮ್ಮ ಅಡ್ಡ ನಿಂತ. ಒಳಗೆ, ಜನರ ನಡುವೆ, ಅಂದು ಕುಡಗೋಲಿಗೆ ಸತ್ತವನ ಮಕ್ಕಳೂ ನಿಂತಿದ್ದರು.

"ಊರ ಹೆಣಕ್ಕೆಲ್ಲಾ ಮಣ್ಣು ಕೊಟ್ಟಾರಪಾ ನಿಮ್ಮಣ್ಣ. ಹಡದಾಕಿಗೆ ಬ್ಯಾಡೇನು?" ಎಂದು ನಾನು ಜಗಳಕ್ಕೇ ನಿಂತೆ.

ಅವನು ಅಣ್ಣನ ಮುಖ ನೋಡಲಿಲ್ಲ. "ಅವ್ವನೇ ಹೇಳಿ ಹೋಗ್ಯಾಳ್ರಿ. ಅವನ ಕೈ ಮಣ್ಣು ನನಗ ಬ್ಯಾಡ ಅಂತ."

ಕಾಕಾ ತಿರುಗಿ ಬಂದು ಸ್ಕೂಟರಿನ ಹತ್ತಿರ ನಿಂತರು.

ಇನ್ನು ಈ ಕೆಲಸ ಬಿಟ್ಟರು ಎಂದುಕೊಂಡೆ. ಬಿಡಲಿಲ್ಲ. ಆ ವಾರವೇ ಹೆಸರಿಲ್ಲದ ಒಬ್ಬ ಮುದುಕಿಯ ಹೆಣ ಬಂತು. ಕಾಕಾ ಹಣೆಗೆ ವಿಭೂತಿ ಹಚ್ಚಿದರು, ಬಟ್ಟೆ ಸರಿಮಾಡಿದರು, ಮೇಲೆ ಬಂದು ಹಿಡಿ ಮಣ್ಣು ಎತ್ತಿಕೊಂಡರು. ಆದರೆ ಕೈ ಮುಂದೆ ಹೋಗಲೊಲ್ಲದು.

"ಯವ್ವಾ, ನೀನರ ಬ್ಯಾಡ ಅನಬ್ಯಾಡ" ಎಂದರು. ಜೋರಾಗಿ ಅತ್ತರು. ನನಗೂ ತಡೆಯಲಾಗಲಿಲ್ಲ.

ಹೋದ ಮಳೆಗಾಲ ಕಾಕಾ ಎದೆಬೇನೆಯಿಂದ ತೀರಿಕೊಂಡರು. ಮುಗದಕ್ಕೆ ಹೇಳಿ ಕಳಿಸಿದೆ. ಯಾರು ಬರುತ್ತಾರೆ ಎಂದುಕೊಂಡಿದ್ದೆ, ತಮ್ಮ ಬಂದ. ಮಣ್ಣು ಕೊಟ್ಟು ಎಲ್ಲರೂ ಹೊರಟರೂ ಅವನು ಮಾತ್ರ ಹೋಗಲಿಲ್ಲ. ನನ್ನ ಹತ್ತಿರ ಬಂದು ತಲೆ ತಗ್ಗಿಸಿದ.

"ಅವ್ವ ಹಂಗೇನೂ ಅಂದಿರ್ಲಿಲ್ರಿ. ಜೀವ ಹೋಗೂತನಕಾ ಅವನ ಹೆಸರ ಹಿಡದು ಕರದ್ಲು. ಸತ್ತವನ ಮಕ್ಕಳು ಅಲ್ಲೇ ಇದ್ರಲ್ರಿ... ನಾ ಹಂಗ ಅಂದಿರಲಿಲ್ಲಂದ್ರ ಅಣ್ಣ ಹೊಳ್ಳಿ ಹೋಗ್ತಿರ್ಲಿಲ್ಲ. ಮತ್ತ ಹೆಣ ಬೀಳತಿದ್ವು."

ಅವನ ಕೊರಳಪಟ್ಟಿ ಹಿಡಿದೆ. ಆಮೇಲೆ ಬಿಟ್ಟೆ. ಅವನೂ ಅಳುತ್ತಿದ್ದ.

ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ. ಊರು ಉಳಿಯಿತು, ಖರೇ. ಆದರೆ ತಾಯಿ ಕೊನೆಯತನಕ ತನ್ನನ್ನೇ ಕರೆಯುತ್ತಿದ್ದಳೆಂಬುದು ಕಾಕಾಗೆ ಗೊತ್ತಾಗಲೇ ಇಲ್ಲ. ಈಗ ಗೊತ್ತಿರುವುದು ನಮ್ಮಿಬ್ಬರಿಗೆ. ನಮಗೆ ಗೊತ್ತಿದ್ದು ಏನು ಉಪಯೋಗ?