ಏಳನೆಯ ಕಂತಿನ ತಪ್ಪು

ಜಯಂತ ತೀರಿಕೊಂಡದ್ದು ಮಾರ್ಚ್ ತಿಂಗಳಲ್ಲಿ, ಆಸ್ಟಿನ್‌ನ ಆಸ್ಪತ್ರೆಯಲ್ಲಿ. ಅವನಿಗೆ ಐವತ್ತಮೂರು ವರ್ಷ. ಮಾತು ಹೋಗಿದ್ದು ಅದಕ್ಕೂ ಐದು ತಿಂಗಳ ಮುಂಚೆ.

ಹತ್ತಿರದ ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ ಕೆಟ್ಟ ಚಿಪ್‌ಗಳನ್ನು ಪತ್ತೆ ಹಚ್ಚುವುದು ಅವನ ಕೆಲಸವಾಗಿತ್ತು. ಭಾನುವಾರ ಬೆಳಗ್ಗೆ ಇಂಟರ್ನೆಟ್ಟಿನಲ್ಲೂ ಕೇಳಬಹುದಾದ ಡಲ್ಲಾಸ್‌ನ ಒಂದು ಸಣ್ಣ ಸಮುದಾಯ ರೇಡಿಯೋದಲ್ಲಿ ಅರ್ಧ ಗಂಟೆ ಅವನ ಕನ್ನಡ ಕಾರ್ಯಕ್ರಮ ಬರುತ್ತಿತ್ತು. ಅದನ್ನು ಅವನು ಜಾರ್ಜ್‌ಟೌನ್‌ನ ಮನೆಯಲ್ಲೇ, ಹೆಂಡತಿ ಅನುಸೂಯಾಳ ಸೀರೆಗಳನ್ನು ತೂಗುಹಾಕಿದ್ದ ಪುಟ್ಟ ಕೋಣೆಯೊಳಗೆ ಕೂತು ರೆಕಾರ್ಡ್ ಮಾಡುತ್ತಿದ್ದ. ರೇಷ್ಮೆಯ ನಡುವೆ ದನಿ ಮಾರ್ದನಿಸುವುದಿಲ್ಲ ಎಂದು ಅವನ ಲೆಕ್ಕ. ತನ್ನ ಸೀರೆಗಳಿಗೆಲ್ಲ ಇಷ್ಟು ಹೊತ್ತಿಗೆ ಜರ್ಮನ್ ಬಂದಿರಬೇಕು ಎಂದು ಅನುಸೂಯಾ ನೆಂಟರೆದುರು ಅವನನ್ನು ಆಡಿಕೊಳ್ಳುತ್ತಿದ್ದಳು.

ಜರ್ಮನ್ ಯಾಕೆಂದರೆ, ಆ ವರ್ಷ ಅವನು ಭಾವಗೀತೆಗಳನ್ನು ಬದಿಗಿಟ್ಟು 'ಕಾಲ್ಟ್‌ವಾಸರ್' ಎಂಬ ಜರ್ಮನ್ ಪ್ರೋಗ್ರೆಸಿವ್ ರಾಕ್ ತಂಡದ ಕಥೆಯನ್ನು ಹನ್ನೆರಡು ಕಂತುಗಳಲ್ಲಿ ಹೇಳಲು ಹೊರಟಿದ್ದ. ಆ ಹೆಸರಿನ ಅರ್ಥ ತಣ್ಣೀರು. ಕನ್ನಡ ಸಂಘದಲ್ಲಿ ಅವನಿಗೆ 'ತಣ್ಣೀರು ಜಯಂತ' ಎಂದೇ ಹೆಸರಾಯಿತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಯಾರೋ ಬಿಟ್ಟುಹೋಗಿದ್ದ ಕ್ಯಾಸೆಟ್ಟಿನಲ್ಲಿ ಅವರ ಇಪ್ಪತ್ತೆರಡು ನಿಮಿಷದ ಒಂದು ಹಾಡನ್ನು ಅವನು ಕೇಳಿದ್ದ. ಅದರಲ್ಲಿ ಆರ್ಗನ್ ವಾದ್ಯ ಹತ್ತು ನಿಮಿಷ ಒಂದೇ ಸ್ವರದ ಸುತ್ತ ಸುಳಿದಾಡುತ್ತದೆ. ಆಲಾಪನೆ ಕೇಳಿ ಬೆಳೆದವನಿಗೆ ಅದು ಪರದೇಶದ್ದು ಅನ್ನಿಸಲೇ ಇಲ್ಲ.

ತಂಡದ ಕಥೆ ಇಷ್ಟು. ೧೯೭೧ರಲ್ಲಿ ಕಾಸೆಲ್ ಊರಿನ ನಾಲ್ವರು ಹುಡುಗರು ಸೇರಿ ಕಟ್ಟಿದ್ದು. ಮೊದಲ ಮೂರು ರೆಕಾರ್ಡುಗಳು ಯುರೋಪಿನಲ್ಲೆಲ್ಲ ಹೆಸರು ಮಾಡಿದವು. ೧೯೭೭ರಲ್ಲಿ, ಪ್ರವಾಸದ ನಡುವೆಯೇ, ಆರ್ಗನ್ ನುಡಿಸುತ್ತಿದ್ದ ಊವೆ ಹಾಲ್‌ಬಾಖ್ ಯಾರಿಗೂ ಹೇಳದೆ ಹೊರಟುಹೋದ. ಉಳಿದ ಮೂವರು ರೆಕಾರ್ಡ್ ಕಂಪನಿಯ ಒತ್ತಾಯಕ್ಕೆ ಮೂರು ನಿಮಿಷದ ಹಾಡುಗಳನ್ನು ಮಾಡಿದರು, ಅವು ಓಡಲಿಲ್ಲ. ಎಂಬತ್ತಮೂರರಲ್ಲಿ ತಂಡ ಚದುರಿತು. ತೊಂಬತ್ತರ ದಶಕದಲ್ಲಿ ಇಬ್ಬರು ಸೇರಿ ಮತ್ತೆ ಶುರು ಮಾಡಿದರು. ಈಗ ಮೂಲದವರಲ್ಲಿ ಡ್ರಮ್ ಬಾರಿಸುವವನೊಬ್ಬ ಉಳಿದಿದ್ದಾನೆ, ಮೊಮ್ಮಕ್ಕಳ ವಯಸ್ಸಿನವರನ್ನು ಕಟ್ಟಿಕೊಂಡು ಅದೇ ಹೆಸರಿನಲ್ಲಿ ಸಣ್ಣ ಸಭಾಂಗಣಗಳಲ್ಲಿ ನುಡಿಸುತ್ತಾನೆ.

ತಾನೇ ಕೇಳಿ ಖಾತ್ರಿ ಮಾಡಿಕೊಳ್ಳದ ಮಾತನ್ನು ರೇಡಿಯೋದಲ್ಲಿ ಆಡಬಾರದು ಎಂಬುದು ಜಯಂತನ ಕಟ್ಟುನಿಟ್ಟು. ಹಾಡಿನ ಇಸವಿ ಹೇಳಬೇಕಾದರೂ ಡ್ರಮ್ಮಿನವನಿಗೆ ಪತ್ರ ಬರೆದು ಕೇಳುತ್ತಿದ್ದ. ಏಳನೆಯ ಕಂತಿನಲ್ಲಿ ಮಾತ್ರ, ಹಳೆಯ ರೆಕಾರ್ಡಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ನಂಬಿ, ಹಾಲ್‌ಬಾಖ್ ಬೇರೆ ಕಂಪನಿಯ ಆಸೆಗೆ ಗೆಳೆಯರ ಕೈಬಿಟ್ಟ ದ್ರೋಹಿ ಎಂದುಬಿಟ್ಟ.

ಎರಡು ವಾರ ಬಿಟ್ಟು ಹ್ಯೂಸ್ಟನ್ನಿನಿಂದ ಮಹತಿ ಎಂಬ ವಿದ್ಯಾರ್ಥಿನಿಯ ಫೋನು ಬಂತು.

"ಅಂಕಲ್, ನೀವು ಬೈದ್ರಲ್ಲ, ಆ ಮನುಷ್ಯ ನಮ್ಮನೆ ಕೆಳಗಡೆನೇ ಇದಾರೆ. ನಾನು ಬಾಡಿಗೆಗಿರೋದು ಅವರ ಮಗಳ ಮನೇಲಿ. ನೀವು ಹೇಳಿದ್ದನ್ನ ಬರೆದು ತೋರಿಸ್ದೆ. ಹಾಗಲ್ಲ ಅಂತ ತಲೆ ಆಡಿಸಿದ್ರು, ಅಷ್ಟೆ."

ಅದೇ ವಾರ ಆಸ್ಟಿನ್‌ನ ಡಾಕ್ಟರು ಜಯಂತನ ಗಂಟಲಿನ ಗಡ್ಡೆ ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಸೆಪ್ಟೆಂಬರ್ ಹನ್ನೆರಡಕ್ಕೆ ಆಪರೇಷನ್, ತಡ ಮಾಡುವಂತಿಲ್ಲ.

ಹಾಲ್‌ಬಾಖ್ ಆಗ ಕಾಯಿಲೆ ಬಿದ್ದಿದ್ದ ತಂಗಿಯನ್ನು ನೋಡಲು ಜರ್ಮನಿಗೆ ಹೊರಟಿದ್ದರು, ಬರುವುದು ತಿಂಗಳ ಕೊನೆಗೆ. ಅವರಿಗೆ ಕಿವಿ ಕೇಳುವುದಿಲ್ಲವಾದ್ದರಿಂದ ಫೋನಿನಲ್ಲಿ ಮಾತಾಡುವಂತಿರಲಿಲ್ಲ. ಬೇಕಾದರೆ ತಾನೇ ಕೇಳಿ ಬರೆದು ಕಳಿಸುತ್ತೇನೆ ಎಂದು ಮಹತಿ ಹೇಳಿದಳು. ಇನ್ನೊಬ್ಬರ ಬರಹ ನಂಬಿಯೇ ಮೊದಲ ತಪ್ಪಾಗಿದ್ದು, ಅದು ಬೇಡ ಎಂದ ಜಯಂತ. ತಪ್ಪು ಹೇಳಿದ ಬಾಯಲ್ಲೇ ಸರಿ ಹೇಳಬೇಕು ಎಂಬುದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ನನ್ನು ಅಕ್ಟೋಬರ್ ಮೂರಕ್ಕೆ ಹಾಕಿಸಿದ. ಅನುಸೂಯಾಳಿಗೆ, ಆಸ್ಪತ್ರೆಯವರೇ ದಿನ ಬದಲಾಯಿಸಿದರು ಎಂದ. ನಿಜ ಗೊತ್ತಿದ್ದದ್ದು ಗೆಳೆಯ ದುಷ್ಯಂತನೊಬ್ಬನಿಗೆ. ಅವನು ಒಂದು ಸಲ ಬೈದು ಸುಮ್ಮನಾದ. ಸುಮ್ಮನಾದದ್ದಕ್ಕೆ ಅವನಿಗೆ ಈಗ ಏನು ಮಾಡಿದರೂ ಸಮಾಧಾನವಿಲ್ಲ.

ಆ ಮೂರು ವಾರದಲ್ಲಿ ಜಯಂತನ ದನಿ ದಿನದಿಂದ ದಿನಕ್ಕೆ ಕುಗ್ಗಿತು. ಸೆಪ್ಟೆಂಬರಿನ ಕೊನೆಯ ಶನಿವಾರ ದುಷ್ಯಂತ್ ಅವನನ್ನು ಕೂರಿಸಿಕೊಂಡು ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದ. ಹಾಲ್‌ಬಾಖ್ ಅವರಿಗೆ ಎಪ್ಪತ್ತೊಂಬತ್ತು, ಕೈಬೆರಳುಗಳು ಇನ್ನೂ ನೇರವಾಗಿದ್ದವು. ಜಯಂತ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದ, ಅವರು ಬಾಯಿಬಿಟ್ಟು ಉತ್ತರ ಹೇಳಿದರು. ಎಪ್ಪತ್ತೇಳರ ಆ ಸಂಜೆ ವೇದಿಕೆಯ ಮೇಲೆ ಅವರಿಗೆ ತಮ್ಮ ಆರ್ಗನ್ನೇ ಕೇಳಿಸಲಿಲ್ಲವಂತೆ. ಇಡೀ ಹಾಡನ್ನು ತಪ್ಪು ಶ್ರುತಿಯಲ್ಲಿ ನುಡಿಸಿದ್ದರು. ಕುಡಿದಿದ್ದೀಯಾ ಎಂದು ಗೆಳೆಯರು ಕೇಳಿದಾಗ ಹೌದೆಂದರು. ಕಿವುಡನಾಗುತ್ತಿದ್ದೇನೆ ಎನ್ನಲು ನಾಚಿಕೆ. ಮರುದಿನ ರೈಲು ಹತ್ತಿದರು. ಕಂಪನಿಯ ಕಥೆ ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಅದೇ ಅನುಕೂಲವೆಂದು ಬಿಟ್ಟುಬಿಟ್ಟರು.

ಈಗ ಹೇಳಬಹುದೇ ಎಂದು ಜಯಂತ ಬರೆದು ಕೇಳಿದ. ಹೇಳಿ, ನಾನೇನು ಕೇಳಿಸಿಕೊಳ್ಳುತ್ತೇನೆಯೇ ಎಂದು ಮುದುಕರು ನಕ್ಕರು.

ಮರುದಿನ ಜಯಂತ ಸೀರೆಗಳ ನಡುವೆ ಕೂತು ಕೊನೆಯ ಕಂತನ್ನು ರೆಕಾರ್ಡ್ ಮಾಡಿದ. ಹತ್ತು ನಿಮಿಷದ ಮಾತಿಗೆ ಐದು ಗಂಟೆ ಹಿಡಿಯಿತು. ಮಂಗಳವಾರ ಆಪರೇಷನ್ ಆಯಿತು. ಗಡ್ಡೆ ಆಗಲೇ ಕತ್ತಿನ ಗ್ರಂಥಿಗಳಿಗೆ ಹರಡಿತ್ತು. ಮೂರು ವಾರ ಮೊದಲೇ ಮಾಡಿದ್ದರೆ ಹೇಗಿರುತ್ತಿತ್ತೆಂದು ದುಷ್ಯಂತ್ ಹೊರಗೆ ನಿಂತು ಡಾಕ್ಟರನ್ನು ಕೇಳಿದ. ಹೇಳಲಾಗದು ಎಂದರು ಅವರು.

ಆ ಕಂತು ಪ್ರಸಾರವಾದದ್ದು ಅಕ್ಟೋಬರ್ ಇಪ್ಪತ್ತೆರಡಕ್ಕೆ. ಅಷ್ಟರಲ್ಲಿ ಜಯಂತ ಮನೆಗೆ ಬಂದಿದ್ದ, ಕತ್ತಿನಲ್ಲಿ ತೂತು, ಕೈಯಲ್ಲಿ ಬರೆಯುವ ಹಲಗೆ. ಅನುಸೂಯಾ ನಳಿಕೆಯಲ್ಲಿ ಆಹಾರ ಹಾಕುತ್ತಿದ್ದಳು. ಇನ್ನು ಎಂದೂ ಕೇಳದ ಗಂಡನ ದನಿ ರೇಡಿಯೋದಲ್ಲಿ ಬಂದಾಗ ಅವಳ ಕೈ ನಿಂತಿತು.

"ಏಳನೇ ಕಂತಿನಲ್ಲಿ ನಾನು ಹೇಳಿದ್ದು ತಪ್ಪು. ಹಾಲ್‌ಬಾಖ್ ಅವರು ಯಾರಿಗೂ ದ್ರೋಹ ಮಾಡಲಿಲ್ಲ. ಅವರ ಬಾಯಿಂದಲೇ ಕೇಳಬೇಕು ಅಂತ ಆಪರೇಷನ್ನನ್ನೂ ಮುಂದಕ್ಕೆ ಹಾಕಿ ಮೂರು ವಾರ ಕಾದೆ..."

ತಪ್ಪೊಪ್ಪಿಗೆಯಲ್ಲಿ ಏನನ್ನೂ ಮುಚ್ಚಿಡಬಾರದು ಎಂದುಕೊಂಡು ಅವನು ಅದನ್ನೂ ಹೇಳಿಬಿಟ್ಟಿದ್ದ. ಅನುಸೂಯಾ ಕೇಳುತ್ತಾಳೆ ಎಂಬುದು ಆ ಐದು ಗಂಟೆಯಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ.

"ಡೇಟ್ ಮುಂದಕ್ಕೆ ಹಾಕಿದ್ದು ನೀವಾ?"

ಅವನು ಹಲಗೆ ಎತ್ತಿಕೊಂಡು ಬರೆದ: ಅವರ ಬಗ್ಗೆ ಸುಳ್ಳು ಹೇಳಿದ್ದೆ, ಸರಿಮಾಡಬೇಕಿತ್ತು.

ಅವಳು ಓದಿದಳು.

"ನನಗೆ ಹೇಳಿದ್ದು?"

ಜಯಂತ ಹಲಗೆ ಒರೆಸಿದ. ಅವಳು ನಳಿಕೆಯಲ್ಲಿ ಉಳಿದಿದ್ದ ಆಹಾರವನ್ನು ನಿಧಾನವಾಗಿ ಇಳಿಯಬಿಟ್ಟು, ಪಾತ್ರೆ ತೊಳೆಯಲು ಎದ್ದುಹೋದಳು.