ಜುಂಜಮ್ಮ ಬಾಯಿಗಿಡದ ಮಿಠಾಯಿ

1976ನೇ ಇಸವಿ ನವೆಂಬರ್ 18, ಗುರುವಾರ. ಶರದೃತುವಿನ ಕೊನೆಯ ದಿನಗಳು; ಭರಮಸಾಗರದ ಕೆರೆಯ ಮೇಲೆ ಎಂಟು ಗಂಟೆಯವರೆಗೂ ಮಂಜು ಕದಲಿರಲಿಲ್ಲ, ಆಮೇಲೆ ಎಳೆಬಿಸಿಲು ಬಿದ್ದಿತು. ಅಂದು ಊರಾಚೆಯ ಗೊಲ್ಲರಹಟ್ಟಿಯಲ್ಲಿ ಜುಂಜಮ್ಮನವರ ಮಗಳು ಬೋರಕ್ಕನ ವೀಳ್ಯಶಾಸ್ತ್ರ. ಲಗ್ನದ ದಿನಾಂಕವನ್ನು ತಪ್ಪಿಲ್ಲದೆ ಬರೆದುಕೊಡಲು ನಿವೃತ್ತ ಉಪಾಧ್ಯಾಯನಾದ ನನಗೆ ಕರೆ ಬಂದಿತ್ತು.

ಜುಂಜಮ್ಮ ಮನೆಮನೆಗೆ ಮೊಸರು ಮಾರಿ ಮಗಳನ್ನು ಸಾಕಿದ ವಿಧವೆ. 1969ರ ಜೂನ್‌ನಲ್ಲಿ, ಹೆಚ್ಚು ಮೊಸರು ಬೇಕೆಂದವರಿಗಾಗಿ, ಕರುವಿಗೆ ಬಿಡದೆ ಹಾಲು ಕರೆದರು. ಆ ತಿಂಗಳ 11ರಂದು ಕರು ಸತ್ತಿತು. ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದನ್ನೂ ಇನ್ನು ಬಾಯಿಗಿಡುವುದಿಲ್ಲವೆಂದು ಅವರು ಮನೆದೇವರು ಜುಂಜಪ್ಪನ ಮುಂದೆ ಆಣೆ ಮಾಡಿದರು. ಕರೆಯುವುದನ್ನೂ ಮಾರುವುದನ್ನೂ ಬಿಡಲಿಲ್ಲ. ಆದರೆ ಕರುವಿನ ಪಾಲು ಮೊದಲು.

ಅವರ ಮನೆತನದಲ್ಲಿ ಗಂಡಿನವರು ತಂದ ಸಿಹಿಯನ್ನು ಹೆಣ್ಣಿನ ತಾಯಿ ಮೊದಲು ತಿನ್ನಬೇಕು. ತಿನ್ನದಿದ್ದರೆ ಸಂಬಂಧ ಒಲ್ಲೆವೆಂದೇ ಅರ್ಥ. ಗಂಡಿನ ತಂದೆ, ತುರುವನೂರಿನ ಕಾಟಯ್ಯ, ಬೆಲ್ಲದ ಬದಲು ಚಿತ್ರದುರ್ಗದ ಅಂಗಡಿಯಿಂದ ಬಣ್ಣದ ಕಾಗದ ಸುತ್ತಿದ ಮಿಠಾಯಿ ಪೆಟ್ಟಿಗೆ ತಂದಿದ್ದರು.

“ಮೇಷ್ಟ್ರೇ, ಇದ್ರಾಗೆ ಹಾಲಿಂದು ಏನಾರ ಐತಾ ನೋಡ್ರಿ,” ಎಂದು ಜುಂಜಮ್ಮ ಪೆಟ್ಟಿಗೆಯನ್ನು ನನ್ನ ಕೈಗಿತ್ತರು.

ಮುಚ್ಚಳದ ಮೇಲೆ ‘ವನಸ್ಪತಿಯಲ್ಲಿ ತಯಾರಿಸಿದ ಶುದ್ಧ ಸಸ್ಯಾಹಾರ’ ಎಂದು ಅಚ್ಚಾಗಿತ್ತು. ನಾನು ಪದವನ್ನು ಬಿಡಿಸಿದೆ: ಸಸ್ಯ, ಆಹಾರ, ಸವರ್ಣದೀರ್ಘ ಸಂಧಿ. “ಎಲ್ಲ ಗಿಡದಿಂದ ಬಂದದ್ದೇ. ನಿಶ್ಚಿಂತೆಯಾಗಿ ತಿನ್ನಿ,” ಎಂದೆ.

ಅವರು ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದು, ಮತ್ತೆ ಪೆಟ್ಟಿಗೆಯಲ್ಲಿಟ್ಟರು. “ಕೋವ ಐತೆ. ನಿಮ್ಮ ಅಕ್ಷರಕ್ಕೆ ಮೂಗಿಲ್ಲ ಬಿಡ್ರಿ.”

ಪೆಟ್ಟಿಗೆಯನ್ನು ಮಗುಚಿದೆ. ತಳದಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಸಕ್ಕರೆ ಕೊಬ್ಬರಿಗಳ ನಂತರ ಹಾಲಿನ ಕೋವವೆಂದಿತ್ತು. ಹಾಲನ್ನು ಲೋಕವು ಸಸ್ಯಾಹಾರದಲ್ಲೇ ಎಣಿಸುತ್ತದೆಂಬುದು ನನಗೆ ಹೊಳೆದಿರಲಿಲ್ಲ. ತಪ್ಪು ನನ್ನದೆಂದು ಎಲ್ಲರೆದುರು ಹೇಳಿದೆ.

ಕಾಟಯ್ಯನವರ ಮುಖ ಬಿಗಿಯಿತು. “ಮೊಸರು ಮಾರೋರು ಹಾಲು ಮುಟ್ಟಲ್ಲ ಅಂದ್ರೆ ನಂಬಾಣೇನವ್ವ? ಸಂಬಂಧ ಬ್ಯಾಡಾಗಿದ್ರೆ ಬಾಯ್ಬಿಟ್ಟು ಹೇಳ್ರಿ.”

“ಬೇಕು ಅಂತ್ಲೇ ಕೇಳಿದ್ದು ಕಣಣ್ಣ. ಬ್ಯಾಡಾಗಿದ್ರೆ ನೋಡದಂಗೆ ಪಕ್ಕಕ್ಕಿಡ್ತಿದ್ದೆ,” ಎಂದ ಜುಂಜಮ್ಮ ಕರುವಿನ ಸಂಗತಿಯನ್ನು ತಿಳಿಸಿದರು. “ನಿಮ್ಮ ಕೈಯಿಂದ ಒಂದು ಚೂರು ಬೆಲ್ಲ ಕೊಡ್ರಿ, ಸಾಕು.”

ಕಾಟಯ್ಯ ಸ್ವತಃ ಕುರಿ ಸಾಕುವವರು. ಚೀಲಕ್ಕೆ ಕೈಹಾಕಿ, ತಳದಿಂದ ಒಂದು ಗಂಟು ತೆಗೆದರು. “ನಮ್ಮವ್ವ ಬೆಲ್ಲ ಕಟ್ಟಿಕೊಟ್ಟಿದ್ಲು. ಬಣ್ಣದ ಕಾಗ್ದ ನೋಡಿ ನಾನೇ ಮಳ್ಳಾದೆ. ತಗಳ್ರಿ.”

ಜುಂಜಮ್ಮ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು. ನಾನು ದಿನಾಂಕ ಬರೆದೆ.

ಮಿಠಾಯಿಯನ್ನು ಹಟ್ಟಿಯ ಮಕ್ಕಳು ಅಂದೇ ತಿಂದು ಮುಗಿಸಿದರು. ಲಗ್ನವು 1977ರ ಮೇ 5, ಗುರುವಾರ, ತುರುವನೂರಿನಲ್ಲಿ ನಡೆಯಿತು. ಊಟದಲ್ಲಿ ಜುಂಜಮ್ಮನವರ ಹೋಳಿಗೆಗೆ ತುಪ್ಪದ ಬದಲು ಕಾಯಿಹಾಲು ಬಡಿಸಿದವರು ಕಾಟಯ್ಯನವರೇ. ಜುಂಜಮ್ಮ ಎರಡು ಹೋಳಿಗೆ ತಿಂದರು.